ಫೊಸಾರನ ಸಂಪುಟದಲ್ಲಿ ಆರ್ಲೆಕಿನ್

ಆರ್ಲೆಕಿನ್ ಎಂದೊಡನೆ ವಜ್ರಾಕೃತಿಯ ಬಣ್ಣದ ಚೌಕಗಳ ಉಡುಪು ತೊಟ್ಟ ವಿದೂಷಕ ನೆನಪಾಗುತ್ತಾನೆ. ಅವನ ಅತಿ ಹಳೆಯ ಚಿತ್ರಗಳಲ್ಲಿ ಈ ಅಂದಚೆಂದ ಇಲ್ಲ. ಮೈಗಂಟಿದ ಅಂಗಿ-ಚಲ್ಲಣದ ಮೇಲೆ ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ ತೇಪೆ, ತಲೆಗೆ ಚಪ್ಪಟೆ ಟೋಪಿ, ಮುಖಕ್ಕೆ ಮುಖವಾಡ. ಹೊಟ್ಟೆಗಿಲ್ಲದ ಆಳುಮಗ, ಅಷ್ಟೆ. ಈ ಚಿತ್ರಗಳು ಎಲ್ಲಿಂದ ಬಂದವು, ಯಾವ ಕಾಲದವು ಎಂದು ಹುಡುಕುತ್ತ ಹೋದರೆ ದಾರಿ ಸೀದಾ ಸ್ವೀಡನ್ನಿಗೆ ಒಯ್ಯುತ್ತದೆ.

ಆಗ್ನೆ ಬೇಯರ್ ಸ್ಟಾಕ್‌ಹೋಮಿನ ರಂಗಭೂಮಿ ವಿದ್ವಾಂಸ. 1921ರಲ್ಲಿ ಯಾವುದೋ ಒಂದು ವರ್ಣಚಿತ್ರ ಹುಡುಕಿಕೊಂಡು ಡ್ರಾಟ್ನಿಂಗ್‌ಹೋಮ್ ಅರಮನೆಗೆ ಹೋದವರಿಗೆ 1766ರ ರಂಗಮಂದಿರವೇ ಸಿಕ್ಕಿತು. ಅದು ಉಗ್ರಾಣವಾಗಿತ್ತು, ಧೂಳಿನ ಕೆಳಗೆ ಹಳೆಯ ಪರದೆಗಳೂ ದೃಶ್ಯ ಬದಲಿಸುವ ಮರದ ಯಂತ್ರಗಳೂ ಹಾಗೇ ಉಳಿದಿದ್ದವು. ಒಬ್ಬ ಸಂಶೋಧಕನಿಗೆ ಜನ್ಮಕ್ಕೆ ಇಷ್ಟು ಸಾಕು. ಆದರೆ ಅದೇ ಮನುಷ್ಯನಿಗೆ ಸ್ಟಾಕ್‌ಹೋಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಯಾರೂ ವಿಂಗಡಿಸದೆ ಬಿಟ್ಟಿದ್ದ ಹಾಳೆಗಳ ನಡುವೆ, ಇಟಾಲಿಯನ್ ಹಾಸ್ಯನಾಟಕಗಳ ಮರದಚ್ಚಿನ ಚಿತ್ರಗಳ ಸಂಪುಟವೂ ದೊರೆಯಿತು. ಫ್ರೆಂಚ್ ಲೇಖಕ ಪಿಯೆರ್ ಲೂಯಿ ದುಶಾರ್ತ್ರ್ ಜೊತೆ ಸೇರಿ ಬೇಯರ್ ಅದನ್ನು 1928ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದರು.

ಸಂಪುಟ ಕಟ್ಟಿದವನು ಫೊಸಾರ್, ಹದಿನಾಲ್ಕನೆಯ ಲೂಯಿಯ ಆಸ್ಥಾನದ ಸಂಗೀತಗಾರ. ಶೀರ್ಷಿಕೆ ಪುಟ ಹೇಳುವುದು ಇದು: ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ ಫ್ರಾನ್ಸಿನಲ್ಲಿ ಆಡಿದ ಮೊದಮೊದಲ ಇಟಾಲಿಯನ್ ಹಾಸ್ಯನಾಟಕಗಳ ತುಣುಕುಗಳು ಇವು. ನನ್ನ ತಕರಾರು ಇರುವುದೇ ಇಲ್ಲಿ. ಹೆನ್ರಿ ಆಳಿದ್ದು 1574ರಿಂದ 1589ರವರೆಗೆ. ಫೊಸಾರ್ ಬದುಕಿದ್ದು ಅದಕ್ಕೆ ಸುಮಾರು ನೂರು ವರ್ಷ ಈಚೆಗೆ. ನಾಟಕ ನೋಡಿದವನಲ್ಲ, ಹಾಳೆ ಕೂಡಿಹಾಕಿದವನು. ಅವನು ಬರೆದದ್ದನ್ನು ಕಣ್ಣಾರೆ ಕಂಡವನ ಸಾಕ್ಷಿ ಎಂದು ಹೇಗೆ ನಂಬುವುದು?

ಆದ್ದರಿಂದ ಚಿತ್ರಗಳನ್ನೇ ಕೇಳಬೇಕು. ಒಂದರಲ್ಲಿ ಮುದಿ ವ್ಯಾಪಾರಿ ಪ್ಯಾಂಟಲೋನ್ ಪ್ರೇಮಗೀತೆಗೆ ಸಜ್ಜಾಗಿದ್ದಾನೆ: ಚೂಪು ಗಡ್ಡ, ಬಿಗಿ ಕಾಲುಚೀಲ, ಉದ್ದ ನಿಲುವಂಗಿ. ಜೊತೆಗೆ ಜಾನಿ ಕೊರ್ನೆತೊ ಎಂಬ ಆಳು, ಆರ್ಲೆಕಿನ್. ಇನ್ನು ಕೆಲವು ಚಿತ್ರಗಳಲ್ಲಿ ಫ್ರಾನ್ಸಿಸ್ಕಿನಾ ಎಂಬ ಸೇವಕಿಯ ಹಿಂದೆ ಆರ್ಲೆಕಿನ್ ಬಿದ್ದಿದ್ದಾನೆ. ಪಾತ್ರಗಳ ಹೆಸರು ಅಚ್ಚಾಗಿದೆ, ಕೆಳಗೆ ಫ್ರೆಂಚ್ ಪದ್ಯಗಳಿವೆ. ಇಟಲಿಯ ನಟರು, ಫ್ರೆಂಚ್ ಮಾತು: ಅಂದರೆ ಕೊಳ್ಳುವವರು ಫ್ರೆಂಚರು. ಹೆಸರು ಕೇಳಿದೊಡನೆ ನಗುವಷ್ಟು ಈ ಪಾತ್ರಗಳು ಅವರಿಗೆ ಪರಿಚಿತವಾಗಿರಬೇಕು. ಇಲ್ಲದಿದ್ದರೆ ಅಚ್ಚಿನವನು ಮರ ಕೆತ್ತಿಸಲು ದುಡ್ಡು ಹಾಕುತ್ತಿರಲಿಲ್ಲ.

ಹಾಗಾದರೆ ಆರ್ಲೆಕಿನ್ ಪ್ಯಾರಿಸ್ಸಿಗೆ ಪರಿಚಿತನಾದದ್ದು ಯಾವಾಗ? ಮೂರನೆಯ ಹೆನ್ರಿ 1577ರಲ್ಲಿ ಜೆಲೋಸಿ ಎಂಬ ನಾಟಕ ಮಂಡಳಿಯನ್ನು ಬ್ಲುವಾಕ್ಕೆ ಕರೆಸಿದ್ದ. ದಾರಿಯಲ್ಲಿ ಪ್ರಾಟೆಸ್ಟೆಂಟ್ ಪಡೆಯವರು ನಟರನ್ನು ಹಿಡಿದಿಟ್ಟುಕೊಂಡಾಗ ರಾಜನೇ ಹಣ ತೆತ್ತು ಬಿಡಿಸಬೇಕಾಯಿತು. ಕತೆ ರಂಜನೀಯ, ಚಿತ್ರಗಳನ್ನು ಆ ಮಂಡಳಿಗೆ ಅಂಟಿಸುವ ಆಸೆಯೂ ಆಗುತ್ತದೆ. ಆದರೆ ಮೊದಲ ಆರ್ಲೆಕಿನ್ ಎನಿಸಿಕೊಂಡ ಮಾಂತುವಾದ ತ್ರಿಸ್ತಾನೊ ಮಾರ್ತಿನೆಲ್ಲಿ ಆ ಮಂಡಳಿಯವನಲ್ಲ. 1576ರಲ್ಲಿ ಅವನು ಆಂಟ್ವರ್ಪಿನಲ್ಲಿದ್ದ. ಆರ್ಲೆಕಿನ್ ಹೆಸರಿನ ಗಟ್ಟಿ ದಾಖಲೆ ಸಿಗುವುದು 1585ರ ಒಂದು ಪ್ಯಾರಿಸ್ ಕಿರುಹೊತ್ತಗೆಯಲ್ಲಿ. ಅದರಲ್ಲಿ ಈ ಇಟಾಲಿಯನ್ ನಟ, ಸತ್ತುಹೋದ ಸೂಳೆಮನೆಯ ಯಜಮಾನಿ ಕಾರ್ದಿನ್ ಎಂಬವಳನ್ನು ಬಿಡಿಸಿ ತರಲು ನರಕಕ್ಕೇ ಇಳಿಯುತ್ತಾನೆ. ಅದು ಅವನ ಎದುರಾಳಿಗಳ ಬೈಗುಳವೇ ಇರಲಿ, ನಮಗೆ ಬೇಕಾದದ್ದು ವರ್ಷ.

ಹೋಲಿಕೆಗೆ ಇನ್ನೊಂದು ಪುಸ್ತಕ ಇದೆ. 1601ರಲ್ಲಿ ಲಿಯೋನ್‌ನಲ್ಲಿ ಮಾರ್ತಿನೆಲ್ಲಿ ತಾನೇ ಒಂದು 'ಅಲಂಕಾರಶಾಸ್ತ್ರ' ಅಚ್ಚು ಮಾಡಿಸಿ ಫ್ರಾನ್ಸಿನ ರಾಜ ರಾಣಿಗೆ ಅರ್ಪಿಸಿದ. ಸುಮಾರು 70 ಪುಟಗಳಲ್ಲಿ 59 ಖಾಲಿ! ಉಳಿದವುಗಳಲ್ಲಿ ರಾಜನ ಹತ್ತಿರ ಚಿನ್ನದ ಸರ ಗಿಟ್ಟಿಸುವ ಮಾತು, ನಡುವೆ ಕೆಲವು ಚಿತ್ರಗಳು. ಅಲ್ಲಿನ ಆರ್ಲೆಕಿನ್ನನ ತೇಪೆ ಫೊಸಾರ್ ಸಂಪುಟದ ತೇಪೆಗೆ ಹತ್ತಿರ. ಬೆನ್ನಿಗೆ ಮಕ್ಕಳ ಬುಟ್ಟಿ ಹೊತ್ತ ಚಿತ್ರವಂತೂ ಮರೆಯುವಂಥದ್ದಲ್ಲ.

ಸಂಪುಟದ ಹಾಳೆಗಳ ಕ್ರಮದ ಜಗಳ ಮಾತ್ರ ಮುಗಿದಿಲ್ಲ. 1928ರಿಂದ 1988ರವರೆಗಿನ ಚರ್ಚೆಯನ್ನೆಲ್ಲ ಜಾಲಾಡಿದ ರಂಗಭೂಮಿ ಇತಿಹಾಸಕಾರ್ತಿ ಎಂ. ಎ. ಕತ್ರಿಟ್ಜ್ಕಿ ಒಂದಲ್ಲ, ಮೂರು ಮರುಜೋಡಣೆಗಳನ್ನು ಮುಂದಿಟ್ಟರು. ಬಿಡಿ ಹಾಳೆಗಳನ್ನು ಜೋಡಿಸಿ ಒಂದೇ ನಾಟಕದ ಕತೆ ಹೇಳುವವರು ಈ ಕೆಲಸವನ್ನೊಮ್ಮೆ ನೋಡಬೇಕು.

ನನ್ನ ತೀರ್ಮಾನ ಇಷ್ಟು. ಫೊಸಾರ್ ಹೇಳಿದ ರಾಜನ ಹೆಸರು ಸರಿಯಿದ್ದರೂ ಆರ್ಲೆಕಿನ್ ಇರುವ ಹಾಳೆಗಳನ್ನು ಆ ಆಳ್ವಿಕೆಯ ಕೊನೆಯ ನಾಲ್ಕೈದು ವರ್ಷಗಳಲ್ಲೇ ಇಡಬೇಕು. ಅವುಗಳ ಕೆಳಗೆ 1577 ಎಂದಾಗಲಿ ಜೆಲೋಸಿ ಮಂಡಳಿ ಎಂದಾಗಲಿ ಬರೆಯಲು ಆಧಾರವಿಲ್ಲ.