ಪಾತ್ರೆಯ ಮೇಲಿನ ಹೆಸರು, ಫೋನಿನ ಒಳಗಿನ ಅಂಕಿ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಹಿತ್ತಾಳೆಯ ಪಾತ್ರೆಯೊಂದಿದ್ದರೆ ಇಳಿಸಿ ನೋಡಿ. ಕಂಠದ ಸುತ್ತ ಅಜ್ಜಿಯ ಹೆಸರೊ ಅಜ್ಜನ ಹೆಸರೊ ಚುಕ್ಕೆ ಚುಕ್ಕೆಯಾಗಿ ಕೊರೆದಿರುವುದು ಕಂಡೀತು. ಮದುವೆ ಮುಂಜಿಗೆಂದು ನೆರೆಮನೆಗೆ ಹೋದ ಪಾತ್ರೆ ಆ ಹೆಸರಿನ ಬಲದಿಂದಲೆ ಹಿಂದಿರುಗುತ್ತಿತ್ತು. ಕದ್ದವನಿಗೆ ಅದನ್ನು ಮಾರುವುದೂ ಸುಲಭವಾಗಿರಲಿಲ್ಲ. ವಸ್ತುವನ್ನು ಕಾಯಲು ಬೀಗವೊಂದೇ ಸಾಲದು, ಗುರುತೂ ಬೇಕು ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಕಾಲೇಜಿಗೆ ಹೊರಟ ನಿಮ್ಮ ಮಗನ ಅಥವಾ ಮಗಳ ಕೈಯಲ್ಲಿರುವ ಮೊಬೈಲ್ ಫೋನಿಗೂ ಇಂಥದೊಂದು ಗುರುತು ಉಂಟು. ಅದರ ಕಥೆಯನ್ನು ಮಕ್ಕಳಿಗೆ ಹೇಳುವುದು ಒಳ್ಳೆಯದು.

1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೋಟೊರೋಲ ಕಂಪನಿಯ ಮಾರ್ಟಿನ್ ಕೂಪರ್ ಮೊದಲ ಕೈಫೋನಿನಲ್ಲಿ ಮಾತನಾಡಿದರು. ಅದರ ತೂಕ ಒಂದು ಕಿಲೋಗ್ರಾಮಿಗಿಂತ ಹೆಚ್ಚು. ಜೇಬಿಗೇ ಹಿಡಿಸದ ವಸ್ತುವಿಗೆ ಜೇಬುಗಳ್ಳರ ಭಯವೆಲ್ಲಿ? 1991ರಲ್ಲಿ ಯೂರೋಪಿನಲ್ಲಿ ಜಿ.ಎಸ್.ಎಂ. ಎಂಬ ಪದ್ಧತಿ ಬಳಕೆಗೆ ಬರುವ ಹೊತ್ತಿಗೆ ಫೋನು ಸಣ್ಣದಾಗತೊಡಗಿತ್ತು. ಆ ಪದ್ಧತಿಯನ್ನು ರೂಪಿಸಿದವರು ಎರಡು ಗುರುತುಗಳನ್ನಿಟ್ಟರು. ಚಂದಾದಾರನ ಗುರುತು ಸಿಮ್ ಕಾರ್ಡಿನಲ್ಲಿ. ಉಪಕರಣದ ಗುರುತು ಅದರೊಳಗೇ, ಐ.ಎಂ.ಇ.ಐ. ಎಂಬ 15 ಅಂಕಿಗಳ ರೂಪದಲ್ಲಿ. ಕಳ್ಳನು ಸಿಮ್ಮನ್ನು ಕಿತ್ತು ಚರಂಡಿಗೆ ಎಸೆದರೂ ಈ ಅಂಕಿ ಫೋನಿನಲ್ಲಿಯೇ ಉಳಿಯುತ್ತದೆ.

ಆದರೆ ಗುರುತಿದ್ದರಾಯಿತೆ? ಅದನ್ನು ನೋಡುವವರೂ ಬೇಕಷ್ಟೆ. ಸುಮಾರು 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಫೋನುಗಳ ಕಳವು ಮಿತಿಮೀರಿತು. ಕಳೆದುಕೊಂಡವರಲ್ಲಿ ಶಾಲಾ ವಯಸ್ಸಿನ ಹುಡುಗರ ಪಾಲು ದೊಡ್ಡದೆಂಬುದು ಸರಕಾರದ ವಿಚಾರಣೆಯಿಂದ ತಿಳಿದುಬಂತು. ಈ ಅಂಕಿಯನ್ನು ತಿದ್ದುವುದೇ ಅಪರಾಧವೆಂದು 2002ರಲ್ಲಿ ಅಲ್ಲಿ ಶಾಸನವಾಯಿತು. 2013ರಲ್ಲಿ ಆಪಲ್ ಕಂಪನಿಯು, ಒಡೆಯನ ಗುಪ್ತಪದವಿಲ್ಲದೆ ಮತ್ತೆ ಚಾಲೂ ಆಗದಂಥ ಬೀಗವನ್ನು ತನ್ನ ಫೋನಿಗೆ ಅಳವಡಿಸಿತು. ಕದ್ದ ಮಾಲು ನಿರುಪಯುಕ್ತವಾದರೆ ಕದಿಯುವ ಆಸೆ ಕುಗ್ಗುತ್ತದೆ. ಇದೇ ಅದರ ತತ್ತ್ವ.

ನಮ್ಮ ದೇಶದಲ್ಲಿ ಮೊಬೈಲ್ ಮಾತು ಮೊದಲಾದದ್ದು 1995ರ ಜುಲೈ 31ರಂದು. ಅಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಮ್ ಅವರೊಡನೆ ಮಾತನಾಡಿದರು. ಸರಿಯಾದ ಐ.ಎಂ.ಇ.ಐ. ಇಲ್ಲದ ಫೋನುಗಳ ಸಂಪರ್ಕವನ್ನು 2009ರ ಕೊನೆಯಲ್ಲಿ ಕಡಿದುಹಾಕಲಾಯಿತು. ಅಂಕಿಯನ್ನು ತಿದ್ದುವುದರ ವಿರುದ್ಧ 2017ರಲ್ಲಿ ನಿಯಮಗಳು ಬಂದವು. 2023ರ ಮೇ ತಿಂಗಳಲ್ಲಿ ‘ಸಂಚಾರ ಸಾಥಿ’ ಎಂಬ ವ್ಯವಸ್ಥೆ ದೇಶಕ್ಕೆಲ್ಲ ತೆರೆಯಿತು. ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯೊಡನೆ ಅಲ್ಲಿ ಅಂಕಿಯನ್ನು ದಾಖಲಿಸಿದರೆ, ಆ ಫೋನು ದೇಶದ ಯಾವ ಕಂಪನಿಯ ಜಾಲದಲ್ಲಿಯೂ ನಡೆಯದಂತೆ ತಡೆಯುತ್ತಾರೆ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಉಳಿದಿದೆ, ಅದು ನಮ್ಮ ಮನೆಗಳಲ್ಲಿ. ಫೋನು ಕಳೆದುಕೊಂಡ ಹುಡುಗ ಅಪ್ಪನ ಬೈಗುಳಕ್ಕೆ ಹೆದರಿ ಸಂಜೆಯವರೆಗೆ ಬಾಯಿ ಬಿಡುವುದಿಲ್ಲ. 2016ರಲ್ಲಿ ಯು.ಪಿ.ಐ. ಬಂದಮೇಲೆ ಫೋನೆಂದರೆ ಹಣದ ಚೀಲವೂ ಹೌದು. ಮೌನದ ಆ ನಾಲ್ಕು ತಾಸು ಕಳ್ಳನಿಗೆ ನಾವೇ ಕೊಟ್ಟ ಕಾಣಿಕೆ. ಆದ್ದರಿಂದ, “ಕಳೆದರೆ ಮೊದಲು ನನಗೆ ಹೇಳು, ಬೈಯುವುದಿಲ್ಲ” ಎಂದು ಮಕ್ಕಳಿಗೆ ಇಂದೇ ಮಾತು ಕೊಡಿ.

ಅನಂತರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲಿ *#06# ಎಂದು ಒತ್ತಿಸಿ, ಕಾಣಿಸಿದ ಅಂಕಿಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆಯಿಸಿ. ಎರಡು ಸಿಮ್ಮಿನ ಫೋನಾದರೆ ಅಂಕಿಗಳೂ ಎರಡು. ಪರದೆಗೂ ಸಿಮ್ಮಿಗೂ ಗುಪ್ತಸಂಖ್ಯೆಯ ಬೀಗವಿರಲಿ; ಹುಟ್ಟಿದ ದಿನವನ್ನೇ ಗುಪ್ತಸಂಖ್ಯೆ ಮಾಡುವುದು ಬೇಡ. ಬಸ್ಸು ಹತ್ತುವಾಗ ಫೋನು ಹಿಂದಿನ ಜೇಬಿನಲ್ಲಿರದಿರಲಿ. ಕಳೆದುಹೋದರೆ ಕೂಡಲೆ ಸಿಮ್ಮನ್ನೂ ಬ್ಯಾಂಕಿನ ಪಾವತಿಯನ್ನೂ ತಡೆಯಿಸಿ, ಪೊಲೀಸರಿಗೆ ದೂರು ಕೊಟ್ಟು, ಅದೇ ಸಂಖ್ಯೆಯ ಹೊಸ ಸಿಮ್ಮನ್ನು ಪಡೆಯಬೇಕು. ಹಣವೇ ಹೋಗಿದ್ದರೆ 1930ಕ್ಕೆ ಕರೆಮಾಡಬೇಕು.

ಪಾತ್ರೆಗೆ ಹೆಸರು ಕೊರೆಸುತ್ತಿದ್ದುದು ಕೊಂಡ ದಿನವೇ, ಕಳೆದ ಮೇಲಲ್ಲ. ಲೆಕ್ಕದ ಪುಸ್ತಕವನ್ನು ಈ ರಾತ್ರಿಯೇ ತೆರೆಯುವಿರಲ್ಲವೆ?