ಜಾರ್ಜ್‌ಟೌನ್ (ಪಿನಾಂಗ್): ನೆಲೆ ಮತ್ತು ಆಡಳಿತದ ಚರಿತ್ರೆ

ಮಲೇಷ್ಯದ ಪಿನಾಂಗ್ ರಾಜ್ಯದ ರಾಜಧಾನಿ. ಮಲಕ್ಕಾ ಜಲಸಂಧಿಯ ಉತ್ತರ ಭಾಗದಲ್ಲಿ, ಮಲಯ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಗೆ ತೀರ ಹತ್ತಿರವಿರುವ ಪಿನಾಂಗ್ ದ್ವೀಪದ ಈಶಾನ್ಯ ಮೂಲೆಯಲ್ಲಿ ಹುಟ್ಟಿದ ಊರು. ದ್ವೀಪದ ವಿಸ್ತೀರ್ಣ ಸುಮಾರು 293 ಚದರ ಕಿಲೋಮೀಟರು. 2015ರಿಂದ ಇಡೀ ದ್ವೀಪವೇ ಈ ನಗರದ ಎಲ್ಲೆ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 7.94 ಲಕ್ಷ. ಚೀನೀಯರು, ಮಲಯರು, ತಮಿಳರು, ತಮಿಳು ಮುಸ್ಲಿಮರು, ಅರಬರು, ಯುರೇಷಿಯನ್ನರು, ಸಿಖ್ಖರು, ಸಯಾಮಿಗಳು, ಬರ್ಮೀಯರು ಹೀಗೆ ಹಲವು ಜನಾಂಗಗಳು ಎರಡು ಶತಮಾನಗಳಿಗೂ ಹೆಚ್ಚು ಕಾಲ ಒಂದೇ ಬೀದಿಗಳಲ್ಲಿ ಬಾಳಿದ ಊರಿದು. ಈ ಊರನ್ನು ಕಟ್ಟಿದವರು ಇಲ್ಲಿಗೆ ಬಂದು ನೆಲೆಸಿದ ಜನ. ಆಡಳಿತದ ಅಂತಿಮ ಮಾತು ಮಾತ್ರ ಕಲ್ಕತ್ತ, ಸಿಂಗಾಪುರ, ಕ್ವಾಲಾಲಂಪುರಗಳಲ್ಲೇ ಉಳಿಯಿತು. ಇದರ ಚರಿತ್ರೆಯ ಒಳತಿರುಳು ಈ ಜಗ್ಗಾಟದಲ್ಲೇ ಇದೆ.

ಬ್ರಿಟಿಷರಿಗಿಂತ ಮೊದಲು

ಇಂಗ್ಲಿಷ್ ವ್ಯಾಪಾರಿ ಫ್ರಾನ್ಸಿಸ್ ಲೈಟ್ ಬಂದಾಗ ದ್ವೀಪ ಬರಿದಾಗಿತ್ತು ಎಂಬ ಹಳೆಯ ಬರವಣಿಗೆಯ ಮಾತನ್ನು ಈಗ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು. ಇದು ಕೆಡಾ ಸುಲ್ತಾನರ ಸೀಮೆಗೆ ಸೇರಿದ ನೆಲ. 18ನೆಯ ಶತಮಾನದ ಮೊದಲರ್ಧದಲ್ಲೇ ಸುಮಾತ್ರದ ಮಿನಂಗ್‌ಕಬಾವ್ ಸೀಮೆಯಿಂದ ಬಂದ ಮಲಯರು ಪೂರ್ವ ತೀರದ ಬಾತು ಉಬಾನ್‌ನಲ್ಲಿ ನೆಲೆಸಿದ್ದರು. ಉತ್ತರ ತೀರದ ತಂಜುಂಗ್ ತೊಕೊಂಗ್‌ನಲ್ಲಿ ಚಾಂಗ್ ಲೀ ಎಂಬ ಹಕ್ಕಾ ಚೀನೀಯ ತನ್ನ ಇಬ್ಬರು ಸಂಗಡಿಗರೊಂದಿಗೆ ಇಳಿದಿದ್ದನೆಂಬುದು ಅಲ್ಲಿನ ಚೀನೀಯರ ಪರಂಪರೆಯ ನಂಬಿಕೆ. ಕಡಲ ದಂಡೆಯ ಗುಡಿಯಲ್ಲಿ ಅವನಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಈಗಿನ ನಗರ ಎದ್ದ ಭೂಶಿರಕ್ಕೆ ಮಲಯರು ತಂಜುಂಗ್ ಪೆನಾಗ ಎನ್ನುತ್ತಿದ್ದರು. ಅಲ್ಲಿ ದಟ್ಟವಾಗಿದ್ದ ಸುರಹೊನ್ನೆ ಮರಗಳಿಂದ ಆ ಹೆಸರು ಬಂತು. ಊರಿನ ಹಳಬರು ಈಗಲೂ ಜಾರ್ಜ್‌ಟೌನ್ ಎನ್ನದೆ ತಂಜುಂಗ್ ಎನ್ನುವುದುಂಟು. ದ್ವೀಪದ ಹೆಸರಿನ ಮೂಲ ಅಡಿಕೆ.

ಲೈಟ್ ಹಾಕಿದ ನೆಲೆ

ಫ್ರಾನ್ಸಿಸ್ ಲೈಟ್ ಇಂಗ್ಲೆಂಡಿನ ಸಫೋಕ್ ಸೀಮೆಯವನು. ಕೆಡಾ ಮತ್ತು ಫುಕೆಟ್ ತೀರಗಳಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿ ಮಲಯ, ಸಯಾಮಿ ಭಾಷೆಗಳನ್ನು ಬಲ್ಲವನಾಗಿದ್ದ. ಕೆಡಾದ ಸುಲ್ತಾನ ಅಬ್ದುಲ್ಲಾ ಮುಕರ್ರಂ ಷಾಗೆ ಸಯಾಮಿನ ಭಯ ಇತ್ತು. ದ್ವೀಪ ಕೊಟ್ಟರೆ ಇಂಗ್ಲಿಷರ ಸೇನೆಯ ರಕ್ಷಣೆ ಸಿಗುತ್ತದೆ ಎಂದು ಅವನು ನಂಬಿದ. ಲೈಟ್ ಆ ನಂಬಿಕೆಯನ್ನು ಬೆಳೆಸಿದ; ಈಸ್ಟ್ ಇಂಡಿಯಾ ಕಂಪನಿ ಮಾತ್ರ ಅಂಥ ಭರವಸೆ ಕೊಡಲೇ ಇಲ್ಲ. 1786ರ ಜುಲೈ 17ರಂದು ಲೈಟ್‌ನ ಹಡಗುಗಳು ಬಂದು ನಿಂತವು. ಆಗಸ್ಟ್ 11ರಂದು ಧ್ವಜ ಏರಿಸಿ, ದ್ವೀಪಕ್ಕೆ ಪ್ರಿನ್ಸ್ ಆಫ್ ವೇಲ್ಸ್ ದ್ವೀಪವೆಂದೂ ಊರಿಗೆ ಮೂರನೆಯ ಜಾರ್ಜ್ ದೊರೆಯ ಹೆಸರನ್ನೂ ಇಟ್ಟ.

ಮಾತು ನಡೆಯಲಿಲ್ಲವೆಂದು ಅರಿತ ಸುಲ್ತಾನ 1791ರಲ್ಲಿ ಎದುರು ದಡದ ಪ್ರಾಯ್‌ನಲ್ಲಿ ಪಡೆ ಕೂಡಿಸಿದ. ಲೈಟ್ ಮುನ್ನುಗ್ಗಿ ಅದನ್ನು ಚದುರಿಸಿದ. ಬಳಿಕ ಆದ ಒಪ್ಪಂದದಲ್ಲಿ ಕೆಡಾಕ್ಕೆ ವರ್ಷಕ್ಕೆ 6,000 ಸ್ಪ್ಯಾನಿಷ್ ಡಾಲರ್ ಗೊತ್ತಾಯಿತು. 1800ರಲ್ಲಿ ಲೆಫ್ಟಿನೆಂಟ್ ಗವರ್ನರ್ ಜಾರ್ಜ್ ಲೀತ್ ಎದುರು ದಡದ ಪಟ್ಟಿಯನ್ನೂ ಪಡೆದಾಗ ಅದು 10,000ಕ್ಕೆ ಏರಿತು. ಆ ನೆಲಕ್ಕೆ ಪ್ರಾವಿನ್ಸ್ ವೆಲ್ಲೆಸ್ಲಿ ಎಂದು ಹೆಸರಿಟ್ಟದ್ದು ಟಿಪ್ಪು ಸುಲ್ತಾನನ ಪತನದ ಕಾಲದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಗೌರವಕ್ಕೆ. ಕಡಲ ತುದಿಯ ಕೋಟೆಗೆ 1791ರಲ್ಲಿ ಬೆಂಗಳೂರನ್ನು ಮುತ್ತಿದ ಕಾರ್ನ್‌ವಾಲಿಸನ ಹೆಸರು. ಆರ್ಥರ್ ವೆಲ್ಲೆಸ್ಲಿಯೂ 1797ರಲ್ಲಿ ಮನಿಲಾ ದಂಡಯಾತ್ರೆಗೆಂದು ತನ್ನ 33ನೆಯ ರೆಜಿಮೆಂಟಿನೊಡನೆ ಇಲ್ಲಿ ಬೀಡುಬಿಟ್ಟು, ದ್ವೀಪದ ಬಗ್ಗೆ ಒಂದು ಟಿಪ್ಪಣಿ ಬರೆದಿದ್ದ. ಆ ಯಾತ್ರೆ ರದ್ದಾಗಿ ಹಿಂದಿರುಗಿದ ಅವನು ಎರಡು ವರ್ಷದೊಳಗೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಮೈಸೂರಿನ ಚರಿತ್ರೆ ಓದಿದವರಿಗೆ ಪಿನಾಂಗಿನ ಹಳೆಯ ನಕ್ಷೆಯ ಹೆಸರುಗಳು ಅಪರಿಚಿತವಲ್ಲ.

ನೆಲ, ಬೀದಿ, ಕಾಪಿಟನ್

ಜನರನ್ನು ಸೆಳೆಯಲು ಲೈಟ್ ಎರಡು ಉಪಾಯ ಮಾಡಿದ. ಬಂದರಿನಲ್ಲಿ ಸುಂಕ ಎತ್ತಲಿಲ್ಲ. ಕಾಡು ಕಡಿದು ಹಸನು ಮಾಡಿದಷ್ಟು ನೆಲವನ್ನು ಕಡಿದವರಿಗೇ ಬಿಟ್ಟುಕೊಟ್ಟ. ಜನ ಬಂದರು, ಬೇಗ ಬಂದರು. ಲೈಟ್ ಇಳಿದ ಕೆಲ ದಿನಗಳಲ್ಲೇ ಕೆಡಾದಿಂದ ಚೀನೀ ಮುಖಂಡ ಕೋ ಲೇ ಹುವಾನ್ ಮೀನಿನ ಬಲೆಗಳ ಕಾಣಿಕೆ ಹಿಡಿದು ಬಂದ. ಮುಂದೆ ಚೀನೀಯರ ಮೊದಲ ಕಾಪಿಟನ್, ಎಂದರೆ ಜನಾಂಗದ ಮುಖ್ಯಸ್ಥ, ಆದವನು ಅವನೇ. ಫುಕೆಟ್ ಮತ್ತು ಕೆಡಾಗಳ ಕ್ಯಾಥೊಲಿಕ್ ಯುರೇಷಿಯನ್ನರು ಬಂದರು. ಕೋರಮಂಡಲ ತೀರದಿಂದ ಚುಲಿಯಾಗಳು ಎಂದು ಕರೆಯಲಾದ ತಮಿಳು ಮುಸ್ಲಿಂ ವರ್ತಕರೂ ಹಮಾಲರೂ ಬಂದರು. ಆಚೆ ಪ್ರಾಂತದ ಸೈಯದ್ ಹುಸೇನ್ ಅಲ್-ಐದಿದ್ ಎಂಬ ಅರಬ್ ಸಿರಿವಂತ ತನ್ನ ಬಳಗದೊಡನೆ ನೆಲೆಸಿ 1808ರಲ್ಲಿ ಮಸೀದಿ ಕಟ್ಟಿಸಿದ. ಆ ಬೀದಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಹಜ್ ಯಾತ್ರಿಕರು ಹಡಗು ಹತ್ತುವ ಮುನ್ನ ತಂಗುವ ನೆಲೆಯಾಗಿತ್ತು. 1821ರಲ್ಲಿ ಸಯಾಮಿನ ಸೇನೆ ಕೆಡಾವನ್ನು ಆಕ್ರಮಿಸಿದಾಗ ಸುಲ್ತಾನನೇ ಪಿನಾಂಗಿಗೆ ಓಡಿಬಂದ. ಮಲಯ ಕುಟುಂಬಗಳು ಗುಂಪುಗುಂಪಾಗಿ ಅವನ ಹಿಂದೆ ಬಂದವು.

ಬಯಸದೆ ಬಂದವರ ಮಾತನ್ನೂ ಹೇಳಬೇಕು. ಕಂಪನಿ ಪಿನಾಂಗನ್ನು ಭಾರತದ ಕೈದಿಗಳ ಗಡೀಪಾರು ನೆಲೆಯಾಗಿಯೂ ಬಳಸಿತು. 1796ರಲ್ಲಿ ಅಂಡಮಾನಿನ ನೆಲೆ ಮುಚ್ಚಿದಾಗ ಅಲ್ಲಿನ ಕೈದಿಗಳನ್ನು ಇಲ್ಲಿಗೇ ಸಾಗಿಸಿದರು. ಮರುದು ಸೋದರರ ಬಂಡಾಯ ಅಡಗಿದ ಮೇಲೆ ಶಿವಗಂಗೆ ಸೀಮೆಯ ಪಾಳೆಯಗಾರ ಪಕ್ಷದವರನ್ನೂ ಹಡಗಿನಲ್ಲಿ ತುಂಬಿ ತಂದರು. ಊರಿನ ರಸ್ತೆ, ಚರಂಡಿ, ಸರ್ಕಾರಿ ಕಟ್ಟಡಗಳಲ್ಲಿ ಈ ಜನರ ಬೆವರು ಇದೆ. ಕೋಟೆಗೂ ಬೀದಿಗೂ ಅಧಿಕಾರಿಗಳ ಹೆಸರು ಬಂತು. ಮಣ್ಣು ಹೊತ್ತವರ ಹೆಸರು ಎಲ್ಲೂ ಉಳಿಯಲಿಲ್ಲ.

ಲೈಟ್ ಎಳೆದ ಚೌಕಳಿ ನಕ್ಷೆಯ ಬೀದಿಗಳು ಇಂದಿಗೂ ಹಾಗೇ ಇವೆ: ಲೈಟ್ ಬೀದಿ, ಬೀಚ್ ಬೀದಿ, ಪಿಟ್ ಬೀದಿ, ಮತ್ತು ಮೊದಲು ಮಲಬಾರ್ ಬೀದಿ ಎನಿಸಿದ್ದ ಚುಲಿಯಾ ಬೀದಿ. ಒಂದೊಂದು ಜನಾಂಗ ಒಂದೊಂದು ಬೀದಿ ಹಿಡಿಯಿತು, ಆದರೆ ನಡುವೆ ಗೋಡೆ ಏಳಲಿಲ್ಲ. ಪಿಟ್ ಬೀದಿಯ ಉದ್ದಕ್ಕೆ ನಡೆದರೆ 1818ರ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣಾದೇವಿಯ ಗುಡಿ, 1801ರಲ್ಲಿ ಕಂಪನಿ ಕೊಟ್ಟ ಭೂಮಿಯಲ್ಲಿ ಚುಲಿಯಾಗಳ ಮುಖಂಡ ಕಾದರ್ ಮೊಹಿದೀನ್ ಎಬ್ಬಿಸಿದ ಕಾಪಿಟನ್ ಕೆಲಿಂಗ್ ಮಸೀದಿ ಸಿಗುತ್ತವೆ. ಪಕ್ಕದ ಕ್ವೀನ್ ಬೀದಿಯಲ್ಲಿ 1833ರ ಮಹಾಮಾರಿಯಮ್ಮನ ಕೋವಿಲ್. ಎಲ್ಲವೂ ಕೆಲವೇ ನಿಮಿಷದ ನಡಿಗೆಯಲ್ಲಿ. ಬರ್ಮೀಯರ ಮತ್ತು ಸಯಾಮಿಗಳ ಬೌದ್ಧ ವಿಹಾರಗಳು ಊರಾಚೆಯ ಪುಲಾವ್ ಟಿಕೂಸ್‌ನಲ್ಲಿ ಎದುರುಬದುರಾಗಿವೆ. ಜನಾಂಗಗಳ ನಡುವಿನ ಮದುವೆಗಳಿಂದ ಹೊಸ ಸಮುದಾಯಗಳೇ ಹುಟ್ಟಿದವು. ಚೀನೀ ಮೂಲದ ಬಾಬಾ-ನೋನ್ಯಾ ಮನೆತನಗಳು, ತಮಿಳು ಮುಸ್ಲಿಂ ತಂದೆ ಮತ್ತು ಮಲಯ ತಾಯಿಯರಿಂದ ಬೆಳೆದ ಜಾವಿ ಪೆರಾನಕನ್ನರು ಇದಕ್ಕೆ ಉದಾಹರಣೆ.

ಮೊದಲ ಇಪ್ಪತ್ತು ವರ್ಷ ಊರಿಗೆ ಸರಿಯಾದ ನ್ಯಾಯಾಲಯವೇ ಇರಲಿಲ್ಲ. ಪ್ರತಿ ಜನಾಂಗಕ್ಕೂ ಒಬ್ಬ ಕಾಪಿಟನ್. ಸಣ್ಣ ವ್ಯಾಜ್ಯ, ಮದುವೆ, ಆಸ್ತಿ ಪಾಲು ಅವನ ತೀರ್ಮಾನಕ್ಕೆ ಬಿಟ್ಟದ್ದು. ಮಲಕ್ಕಾದಲ್ಲಿ ಪೋರ್ಚುಗೀಸರೂ ಡಚ್ಚರೂ ನಡೆಸಿದ್ದ ಪದ್ಧತಿಯನ್ನೇ ಲೈಟ್ ಮುಂದುವರಿಸಿದ. 1794ರಲ್ಲಿ ಲೈಟ್ ಮಲೇರಿಯಾದಿಂದ ತೀರಿಕೊಂಡ. ಕಲ್ಕತ್ತದಿಂದ ಬಂದ ಮ್ಯಾಜಿಸ್ಟ್ರೇಟ್ ಜಾನ್ ಡಿಕನ್ಸ್, ಇಲ್ಲಿ ನಿಸರ್ಗದ ಕಾನೂನಿನ ಹೊರತು ಬೇರೆ ಕಾನೂನಿಲ್ಲ ಎಂದು ಮೇಲಿನವರಿಗೆ ದೂರಿಕೊಂಡ. ಕೊನೆಗೆ 1807ರ ರಾಜಶಾಸನ ಇಂಗ್ಲಿಷ್ ಕಾನೂನನ್ನು ತಂದಿತು. 1808ರಲ್ಲಿ ನ್ಯಾಯಾಲಯ ಬಾಗಿಲು ತೆರೆಯಿತು. ಕಾಪಿಟನ್ನರ ಅಧಿಕಾರ ಕಾಗದದ ಮೇಲೆ ಕೊನೆಗಂಡಿತು. ಬೀದಿಯಲ್ಲಿ ಅವರ ಮಾತು ಆಮೇಲೂ ಬಹುಕಾಲ ನಡೆಯಿತು.

ಪ್ರೆಸಿಡೆನ್ಸಿಯಿಂದ ವಸಾಹತಿಗೆ

1805ರಲ್ಲಿ ಕಂಪನಿ ಪಿನಾಂಗನ್ನು ಬಂಗಾಳ, ಮದರಾಸು, ಮುಂಬಯಿಗಳ ಸಾಲಿಗೆ ನಾಲ್ಕನೆಯ ಪ್ರೆಸಿಡೆನ್ಸಿಯಾಗಿ ಏರಿಸಿತು. ನೌಕಾನೆಲೆ, ಹಡಗು ಕಟ್ಟುವ ಕಾರ್ಖಾನೆ ಬರುವುದೆಂಬ ಎಣಿಕೆ ಇತ್ತು. ಗವರ್ನರ್ ಫಿಲಿಪ್ ಡಂಡಾಸನೊಡನೆ ಬಂದ ದೊಡ್ಡ ಸಿಬ್ಬಂದಿಯಲ್ಲಿ ಸಹಾಯಕ ಕಾರ್ಯದರ್ಶಿ ಸ್ಟ್ಯಾಂಫರ್ಡ್ ರಾಫೆಲ್ಸನೂ ಇದ್ದ. ಎಣಿಕೆ ಫಲಿಸಲಿಲ್ಲ. ಅದೇ ರಾಫೆಲ್ಸ್ 1819ರಲ್ಲಿ ಜಲಸಂಧಿಯ ದಕ್ಷಿಣದ ತುದಿಯಲ್ಲಿ ಸಿಂಗಾಪುರ ಸ್ಥಾಪಿಸಿದ ಮೇಲೆ ವ್ಯಾಪಾರ ಅತ್ತ ಹರಿಯಿತು. 1826ರಲ್ಲಿ ಪಿನಾಂಗ್, ಮಲಕ್ಕಾ, ಸಿಂಗಾಪುರಗಳನ್ನು ಸ್ಟ್ರೈಟ್ಸ್ ಸೆಟ್ಲ್‌ಮೆಂಟ್ಸ್ ಎಂದು ಒಂದುಗೂಡಿಸಿ ಜಾರ್ಜ್‌ಟೌನನ್ನು ರಾಜಧಾನಿ ಮಾಡಿದರು. 1830ರಲ್ಲಿ ಪ್ರೆಸಿಡೆನ್ಸಿಯ ದರ್ಜೆ ಹೋಯಿತು, 1832ರಲ್ಲಿ ರಾಜಧಾನಿಯೂ ಸಿಂಗಾಪುರಕ್ಕೆ ಹೋಯಿತು. 1867ರ ಏಪ್ರಿಲ್ 1ರಂದು ಈ ನೆಲೆಗಳು ಭಾರತ ಸರ್ಕಾರದ ಕೈಯಿಂದ ನೇರವಾಗಿ ಲಂಡನ್ನಿನ ಆಡಳಿತಕ್ಕೆ ಹೋದವು.

ಸುಂಕವಿಲ್ಲದ ಬಂದರಿಗೆ ಆದಾಯ ಎಲ್ಲಿಂದ? ನಮ್ಮ ಕಡೆಯ ಹೆಂಡದ ಗುತ್ತಿಗೆಯ ಹಾಗೆ, ಅಫೀಮು, ಸಾರಾಯಿ, ಜೂಜುಗಳ ಹಕ್ಕನ್ನು ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವರು ಹೆಚ್ಚಾಗಿ ಚೀನೀ ಸಾಹುಕಾರರು. ಆ ಹಣ ಲಾರುತ್ ಸೀಮೆಯ ತವರದ ಗಣಿಗಳಿಗೆ ಹರಿಯಿತು, ಗಣಿ ಕೂಲಿಗಳು ಅಫೀಮು ಕೊಂಡರು, ಲಾಭ ಮತ್ತೆ ಜಾರ್ಜ್‌ಟೌನಿಗೆ ಬಂತು. ಊರಿನ ಅರಮನೆಯಂಥ ಮನೆಗಳನ್ನೂ ಕುಲಮಂದಿರಗಳನ್ನೂ ನೋಡುವಾಗ ಈ ಚಕ್ರದಲ್ಲಿ ಸವೆದ ಕೂಲಿಗಳನ್ನು ಮರೆಯುವಂತಿಲ್ಲ. ಹೊಸದಾಗಿ ಬಂದ ಚೀನೀಯನಿಗೆ ಕೆಲಸ, ಸಾಲ, ಕೊನೆಗೆ ಶವಸಂಸ್ಕಾರ ಎಲ್ಲವನ್ನೂ ನೋಡಿಕೊಂಡದ್ದು ಕೊಂಗ್ಸಿ ಎಂಬ ಕುಲಸಂಘಗಳು. ಖೂ, ಚಿಯಾ, ಯೋ, ಲಿಮ್, ತಾನ್ ಇವು ಹೊಕ್ಕಿಯನ್ನರ ಐದು ದೊಡ್ಡ ಕುಲಗಳು.

1867ರ ಆಗಸ್ಟ್ ತಿಂಗಳ ಗಲಭೆ ಊರಿನ ಒಳರಚನೆಯನ್ನು ಬಯಲಿಗೆ ತಂದಿತು. ಹತ್ತು ದಿನ ಬೀದಿಗಳಲ್ಲಿ ಕಾಳಗ. ಒಂದು ಕಡೆ ಘೀ ಹಿನ್ ಎಂಬ ಚೀನೀ ರಹಸ್ಯ ಸಂಘ, ಇನ್ನೊಂದು ಕಡೆ ತೋ ಪೆ ಕೊಂಗ್. ಗಮನಿಸಬೇಕಾದ ಸಂಗತಿ ಎಂದರೆ ಮಲಯ ಮತ್ತು ತಮಿಳು ಮುಸ್ಲಿಮರೂ ಎರಡು ಪಾಳೆಯಗಳಾಗಿದ್ದರು: ಬಿಳಿ ಬಾವುಟದವರು ಘೀ ಹಿನ್ ಜೊತೆ, ಕೆಂಪು ಬಾವುಟದವರು ತೋ ಪೆ ಕೊಂಗ್ ಜೊತೆ. ಚೀನೀಯ ಚೀನೀಯನ ಮೇಲೆ ಬಿದ್ದ, ಮುಸ್ಲಿಂ ಮುಸ್ಲಿಮನ ಮೇಲೆ; ನೆರೆಹೊರೆ, ವ್ಯಾಪಾರ, ನಂಟಸ್ತಿಕೆಗಳು ಜನಾಂಗದ ಗೆರೆಯನ್ನು ದಾಟಿ ಹೆಣೆದುಕೊಂಡಿದ್ದವು. ಇಲ್ಲಿನ ಬಹುಜನಾಂಗೀಯತೆಯನ್ನು ಬರಿಯ ಸೌಹಾರ್ದದ ಚಿತ್ರವಾಗಿ ಬಿಡಿಸುವವರು ಈ ಪ್ರಸಂಗವನ್ನು ಬಿಟ್ಟುಬಿಡುತ್ತಾರೆ. ಆದರೆ ಆ ಹೆಣಿಗೆ ಎಷ್ಟು ಆಳದ್ದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ವಿಚಾರಣಾ ಆಯೋಗ ಕೂತಿತು. ಸಂಘಗಳನ್ನು ನೋಂದಾಯಿಸುವ ಕಾಯಿದೆ 1869ರಲ್ಲಿ ಬಂತು, 1890ರಲ್ಲಿ ಅವನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ, 1881ರಲ್ಲಿ, ಹೊಕ್ಕಿಯನ್ನರೂ ಕ್ಯಾಂಟನೀಯರೂ ಸೇರಿ ಚೀನೀ ಪುರಭವನ ಸ್ಥಾಪಿಸಿ ಜಗಳ ಬಗೆಹರಿಸಿಕೊಳ್ಳುವ ಬೇರೆ ದಾರಿ ಹುಡುಕಿದ್ದರು.

ನಗರಸಭೆ

ಮನೆಕಂದಾಯ ಗೊತ್ತುಮಾಡಿ ರಸ್ತೆ, ಚರಂಡಿ ನೋಡಿಕೊಳ್ಳಲು 1800ರಲ್ಲೇ ಒಂದು ಸಮಿತಿ ರಚನೆಯಾಗಿತ್ತು. 1857ರಲ್ಲಿ ಮುನಿಸಿಪಲ್ ಕಮಿಷನ್ ಬಂತು; ಕಂದಾಯ ಕಟ್ಟುವವರು ಕೆಲವು ಸದಸ್ಯರನ್ನು ಚುನಾಯಿಸುತ್ತಿದ್ದರು. 1913ರಲ್ಲಿ ಸರ್ಕಾರ ಆ ಚುನಾವಣೆಯನ್ನು ತೆಗೆದುಹಾಕಿ ಎಲ್ಲರನ್ನೂ ತಾನೇ ನೇಮಿಸತೊಡಗಿತು. ಊರಿನ ಕೈಗೆ ಬಂದ ಅಧಿಕಾರ ಕೈಬಿಟ್ಟು ಹೋದದ್ದು ಇದೇ ಮೊದಲು, ಕೊನೆಯಲ್ಲ.

1941ರ ಡಿಸೆಂಬರ್ 11ರಂದು ಜಪಾನೀ ವಿಮಾನಗಳು ಬಾಂಬು ಸುರಿಸಿದವು. ಕೆಲವೇ ದಿನಗಳಲ್ಲಿ ಬ್ರಿಟಿಷರು ಯುರೋಪಿಯನ್ನರನ್ನು ಮಾತ್ರ ಗುಟ್ಟಾಗಿ ಹಡಗು ಹತ್ತಿಸಿ, ಏಷ್ಯದ ಪ್ರಜೆಗಳನ್ನು ಅವರ ಪಾಡಿಗೆ ಬಿಟ್ಟು ಹೋದರು. ಕೋಟೆಯ ಧ್ವಜವನ್ನು ಇಳಿಸಿ ಬಾಂಬು ದಾಳಿ ನಿಲ್ಲಿಸಲು ಮುಂದಾದವನು 'ಸ್ಟ್ರೈಟ್ಸ್ ಎಕೋ' ಪತ್ರಿಕೆಯ ಸಂಪಾದಕ, ಸಿಂಹಳದ ತಮಿಳ ಮಾಣಿಕಸೋತಿ ಸರವಣಮುತ್ತು. ಎಲ್ಲ ಜನಾಂಗದವರೂ ಇದ್ದ ಸಮಿತಿಯೊಂದು ಜಪಾನೀಯರು ಬರುವವರೆಗೆ ಊರು ಕಾಯಿತು. 1945ರ ಸೆಪ್ಟೆಂಬರ್‌ವರೆಗೆ ನಡೆದ ಜಪಾನೀ ಆಳ್ವಿಕೆಯಲ್ಲಿ ಚೀನೀಯರ ಮೇಲೆ ಭೀಕರ ಹಿಂಸೆ ನಡೆಯಿತು. 1941ರ ಆ ಡಿಸೆಂಬರ್ ಬ್ರಿಟಿಷರ ಮೇಲಿದ್ದ ನಂಬಿಕೆಯನ್ನು ಮುರಿದುಹಾಕಿತು.

ಯುದ್ಧದ ಬಳಿಕ ಪಿನಾಂಗ್ 1946ರಲ್ಲಿ ಮಲಯನ್ ಒಕ್ಕೂಟಕ್ಕೂ 1948ರಲ್ಲಿ ಮಲಯ ಫೆಡರೇಷನ್ನಿಗೂ ಸೇರಿತು. ಮುಕ್ತ ಬಂದರು ಕೈತಪ್ಪೀತೆಂದು ಅಂಜಿದ ವರ್ತಕರು ಪ್ರತ್ಯೇಕತೆಯ ಚಳವಳಿ ಹೂಡಿದರು. 1951ರ ಹೊತ್ತಿಗೆ ಅದು ನಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಲ್ಲಿನ ಪುರಸಭೆಗೆ ನಡೆದ ಚುನಾವಣೆ ಯುದ್ಧಾನಂತರದ ಮಲಯದಲ್ಲೇ ಮೊದಲನೆಯದು. 1957ರ ಜನವರಿ 1ರಂದು ರಾಣಿ ಎರಡನೆಯ ಎಲಿಜಬೆತ್ ನಗರ ಪದವಿ ನೀಡಿದಳು. ಲೇಬರ್ ಪಕ್ಷದ ಡಿ. ಎಸ್. ರಾಮನಾಥನ್ ಮೊದಲ ಮೇಯರ್. ಆ ದಶಕದಲ್ಲಿ ನಗರಸಭೆ ನೀರು, ವಿದ್ಯುತ್ತು, ಬಸ್ಸು ಎಲ್ಲವನ್ನೂ ತಾನೇ ನಡೆಸುತ್ತಿತ್ತು. ವಲಸಿಗರ ಮಕ್ಕಳು ಮೊಮ್ಮಕ್ಕಳು ಒಂದೇ ಮೇಜಿನ ಸುತ್ತ ಕೂತು ತಮ್ಮ ಊರನ್ನು ತಾವೇ ಆಳಿದ ಕಾಲ ಅದೊಂದೇ. ಇಂಡೋನೇಷ್ಯದೊಡನೆ ಸಂಘರ್ಷವೆಂಬ ಕಾರಣಕ್ಕೆ 1965ರಲ್ಲಿ ದೇಶದ ಎಲ್ಲ ಸ್ಥಳೀಯ ಚುನಾವಣೆಗಳು ಅಮಾನತಾದವು. ಮರುವರ್ಷ ನಗರಸಭೆಯ ಅಧಿಕಾರ ಮುಖ್ಯಮಂತ್ರಿಗೆ ಹೋಯಿತು. ಚುನಾವಣೆ ಮರಳಿ ತರಬೇಕೆಂದು ಸ್ಥಳೀಯ ಆಡಳಿತವನ್ನು ಪರಿಶೀಲಿಸಿದ ಅತಿ ನಹಪ್ಪನ್ ಆಯೋಗ ಹೇಳಿದರೂ ಸರ್ಕಾರ ಒಪ್ಪಲಿಲ್ಲ. 1976ರ ಕಾಯಿದೆ ಅವನ್ನು ಶಾಶ್ವತವಾಗಿ ರದ್ದುಮಾಡಿತು. ಅದಕ್ಕೆ ಮೊದಲೇ ನಗರಸಭೆಯನ್ನು ದ್ವೀಪದ ಗ್ರಾಮಾಂತರ ಮಂಡಲಿಯೊಡನೆ ಬೆರೆಸಲಾಗಿತ್ತು.

1969ರಲ್ಲಿ ಮುಕ್ತ ಬಂದರು ದರ್ಜೆ ಹೋಗಿ ನಿರುದ್ಯೋಗ ಹೆಚ್ಚಿತು. ಮುಖ್ಯಮಂತ್ರಿ ಲಿಮ್ ಚೊಂಗ್ ಯೂ 1972ರಲ್ಲಿ ಬಾಯನ್ ಲೆಪಾಸ್‌ನಲ್ಲಿ ಮುಕ್ತ ವ್ಯಾಪಾರ ವಲಯ ತೆರೆದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳನ್ನು ಕರೆತಂದ. ಹಳೆಯ ಊರಿನ ಸಾಲುಮನೆಗಳು ಉಳಿದದ್ದು 1966ರ ಬಾಡಿಗೆ ನಿಯಂತ್ರಣ ಕಾಯಿದೆಯ ದೆಸೆಯಿಂದ. ಅದು 2000ದಲ್ಲಿ ಕೊನೆಗೊಂಡಾಗ ಸಾವಿರಾರು ಬಡ ಬಾಡಿಗೆದಾರರು ತಲೆಮಾರುಗಳ ಮನೆ ಬಿಟ್ಟರು. 2008ರ ಜುಲೈನಲ್ಲಿ ಯುನೆಸ್ಕೋ ಜಾರ್ಜ್‌ಟೌನನ್ನು ಮಲಕ್ಕಾದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಸಂರಕ್ಷಿಸಬೇಕಾದ ಬೀದಿಗಳಿಂದ ಹಳೆಯ ನಿವಾಸಿಗಳು ಅನೇಕರು ಆಗಲೇ ಹೊರಟುಹೋಗಿದ್ದರು.

2012ರಲ್ಲಿ ಪಿನಾಂಗ್ ವಿಧಾನಸಭೆ ಸ್ಥಳೀಯ ಚುನಾವಣೆಯನ್ನು ಮರಳಿ ತರುವ ಶಾಸನ ಮಾಡಿತು. 2014ರಲ್ಲಿ ಫೆಡರಲ್ ನ್ಯಾಯಾಲಯ ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂದು ತೀರ್ಪು ಕೊಟ್ಟಿತು. 2015ರಲ್ಲಿ ಪಿನಾಂಗ್ ದ್ವೀಪ ನಗರಪಾಲಿಕೆ ಸ್ಥಾಪನೆಯಾಗಿ ಪತಾಹಿಯಾ ಇಸ್ಮಾಯಿಲ್ ಮೇಯರ್ ಆದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಮೇಯರ್ ಮತ್ತು 24 ಮಂದಿ ಸದಸ್ಯರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ.