ಗಣಿತಸಾರಸಂಗ್ರಹದ ಉದಾಹರಣಪದ್ಯಗಳೂ ಬಾಲಬೋಧೆಯೂ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ.ಶ. 9ನೆಯ ಶತಮಾನದಲ್ಲಿ, ರಚಿತವಾದುದೆಂಬುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಪ್ರಕಟಿಸಿದಂದಿನಿಂದ ಇದರ ಸೂತ್ರಗಳನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಉದಾಹರಣಪದ್ಯಗಳನ್ನು ಮಾತ್ರ ಕೇವಲ ಅಲಂಕಾರವೆಂದು ಬಗೆದು ಮುಂದೆ ಸಾಗುವುದುಂಟು. ಇದು ಸರಿಯಲ್ಲ. ಎಳೆಯ ಮಕ್ಕಳಿಗೆ ಗಣಿತವನ್ನು ರುಚಿಸುವಂತೆ ಹೇಳಿಕೊಡುವುದು ಹೇಗೆಂದು ಶಿಕ್ಷಕರು ಇಂದು ಚಿಂತಿಸುತ್ತಿದ್ದಾರೆ; ಆ ಚಿಂತೆಗೆ ಉತ್ತರವು ಈ ಪದ್ಯಗಳಲ್ಲಿದೆ.

ಗ್ರಂಥವು ಬಾಲಕರಿಗೆಂದೇ ಬರೆದುದಲ್ಲ. ಆದರೂ ಆಚಾರ್ಯನು ಶಿಷ್ಯನು ಬಲ್ಲ ಲೋಕದಿಂದಲೇ ಆರಂಭಿಸುತ್ತಾನೆ. ಗುಣಾಕಾರಕ್ಕೆ ಕೊಟ್ಟ ಮೊದಲ ಲೆಕ್ಕಗಳು ಜಿನಾಲಯದ ಪೂಜೆಯವು: ಒಂದೊಂದು ಬಸದಿಗೆ 8 ತಾವರೆಗಳಾದರೆ 144 ಬಸದಿಗಳಿಗೆ ಎಷ್ಟು? ಭಿನ್ನರಾಶಿಗೆ ಬಂದಾಗ ಕಣ್ಣಿಗೆ ಕಟ್ಟುವ ಒಂದು ಕಂಬ ನಿಲ್ಲುತ್ತದೆ. ಅದರ ಎಂಟನೆಯ ಒಂದು ಭಾಗ ನೆಲದಲ್ಲಿ, ಮೂರನೆಯ ಒಂದು ಭಾಗ ನೀರಿನಲ್ಲಿ, ಕಾಲುಭಾಗ ಪಾಚಿಯಲ್ಲಿ ಹುದುಗಿದೆ. ಮೇಲೆ ಕಾಣುವುದು 7 ಮೊಳ. ಕಂಬದ ಉದ್ದ 24 ಮೊಳವೆಂದು ಚಿತ್ರ ಬರೆದೇ ತಿಳಿಯಬಹುದು.

ತ್ರೈರಾಶಿಕದ ಹಾವಿನ ಲೆಕ್ಕ ಇನ್ನೂ ಸೊಗಸಾದುದು. 80 ಅಂಗುಲ ಉದ್ದದ ಕರಿನಾಗರವೊಂದು ದಿನದ 5/14 ಭಾಗದಲ್ಲಿ ಏಳೂವರೆ ಅಂಗುಲದಂತೆ ಬಿಲವನ್ನು ಹೊಗುತ್ತದೆ. ಕಾಲುದಿನಕ್ಕೆ 11/4 ಅಂಗುಲದಂತೆ ಅದರ ಬಾಲ ಬೆಳೆಯುತ್ತದೆ. ಕೇಳಲು ಮಹಾ ತೊಡಕು. ಬಿಡಿಸಿದರೆ ದಿನಕ್ಕೆ 21 ಅಂಗುಲ ಒಳಗೆ, 11 ಅಂಗುಲ ಬೆಳವಣಿಗೆ, ನಿಲ್ಲುವುದು 10. ಹಾವು 8 ದಿನಗಳಲ್ಲಿ ಬಿಲ ಸೇರುತ್ತದೆ. ಭಿನ್ನಗಳೆಲ್ಲ ಕರಗಿ ಪೂರ್ಣಾಂಕ ಉಳಿಯುವಂತೆ ಸಂಖ್ಯೆಗಳನ್ನು ಆರಿಸಿರುವುದು ಆಕಸ್ಮಿಕವಲ್ಲ.

ಈ ಆಯ್ಕೆಯ ಮರ್ಮವು ಹಾರಸಂಖ್ಯೆಗಳಲ್ಲಿ ಸ್ಪಷ್ಟವಾಗುತ್ತದೆ. ಒಂದು ಜಿನಾಲಯಕ್ಕೆ 139 ಪುಷ್ಯರಾಗಗಳಂತೆ 109 ಜಿನಾಲಯಗಳಿಗೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಇಂಥ ಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದ್ದಾನೆ. ಇಲ್ಲಿ ಶಿಷ್ಯನು ಉತ್ತರ ಸರಿಯೇ ಎಂದು ಗುರುವಿನ ಮುಖ ನೋಡಬೇಕಾಗಿಲ್ಲ. ಹಾರ ಕೂಡಿಬಂದರೆ ಲೆಕ್ಕ ಸರಿ, ಮಣಿ ತಪ್ಪಿದರೆ ಲೆಕ್ಕ ತಪ್ಪು. ಸಂತೋಷವೂ ಪರೀಕ್ಷೆಯೂ ಒಂದೇ ಆಗಿವೆ.

ಇದೇ ಗುಣವು ಗ್ರಂಥಸಂಪಾದಕನಿಗೂ ಉಪಕಾರಿ. ಲಿಪಿಕಾರನು ಒಂದಂಕೆ ಕೆಡಿಸಿದರೆ ಹಾರವೇ ಅದನ್ನು ತೋರಿಸುತ್ತದೆ. ಆದರೆ ಎಚ್ಚರವೂ ಬೇಕು. 142857143ನ್ನು 7ರಿಂದ ಗುಣಿಸಿದರೆ 1000000001. ಅದರಲ್ಲಿ 5 ಬಿಟ್ಟುಹೋಗಿ 14287143 ಆದರೆ ಲಬ್ಧ 100010001, ಅದೂ ಹಾರವೇ! ಎರಡೂ ಗ್ರಂಥದಲ್ಲಿವೆ. ಇಂಥಲ್ಲಿ ಗಣಿತವೊಂದೇ ಸಾಲದು. ಪದ್ಯದ ಸಂಖ್ಯಾಶಬ್ದಗಳನ್ನೂ ಛಂದಸ್ಸನ್ನೂ ನೋಡಿಯೇ ಪಾಠವನ್ನು ನಿರ್ಣಯಿಸಬೇಕು.

12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವುಗಳ ಮೂಲಕ ಈ ವಿದ್ಯೆಯನ್ನು ಕನ್ನಡದಲ್ಲಿಯೇ ಹೇಳಿದನು. ಸೂತ್ರವನ್ನು ಹೇಳಿ ಉದಾಹರಣೆಯಿಂದ ಮನಗಾಣಿಸುವ ಕ್ರಮವನ್ನು ಅವನಲ್ಲಿಯೂ ಕಾಣುತ್ತೇವೆ.

ಆದುದರಿಂದ ಗಣಿತದ ಓಲೆಪ್ರತಿಗಳನ್ನು ಪರಿಶೀಲಿಸುವವರು ಸೂತ್ರಗಳನ್ನಷ್ಟೇ ಎತ್ತಿಕೊಂಡು ಉದಾಹರಣೆಗಳನ್ನು ಕೈಬಿಡಬಾರದು. ಅಂಕೆಗಳನ್ನು ಒಂದೊಂದಾಗಿ ಗುಣಿಸಿ ನೋಡಬೇಕು. ನಮ್ಮ ಪಾಠಶಾಲೆಗಳ ಪಂಡಿತರು ಇವುಗಳಲ್ಲಿ ಹತ್ತನ್ನಾದರೂ ತಿಳಿಗನ್ನಡದಲ್ಲಿ ಮಕ್ಕಳ ಮುಂದಿಟ್ಟರೆ, ಆಚಾರ್ಯನು ಯಾವ ಉದ್ದೇಶಕ್ಕಾಗಿ ಆ ಸಂಖ್ಯೆಗಳನ್ನು ಆರಿಸಿದನೋ ಅದು ಇಂದಿಗೂ ಸಫಲವಾದೀತು.